ನಾಲ್ಕನೆಯ ಫಲಕ

ನಾಲ್ಕು ಸ್ಕ್ರೂಗಳಲ್ಲಿ ಮೂರು ಬಿಚ್ಚಿದವು,
ಇನ್ನೊಂದು ತುಕ್ಕು ಹಿಡಿದು ಹಟ ಮಾಡಿ ಕೂತಿದೆ.
ಹೊರಗೆ ನಾರ್ತ್ ಡಕೋಟದ ಮಾರ್ಚ್ ತಿಂಗಳು:
ಗಾಳಿಗೆ ಅಡ್ಡ ಎಂದರೆ ಎರಡು ಧಾನ್ಯದ ಗೋಪುರ,
ಒಂದು ಲೂಥರನ್ ಚರ್ಚು, ಅಷ್ಟೇ.
"ನಿಧಾನ, ಟ್ವೇಟ್" ಎನ್ನುತ್ತಾಳೆ ಆರ್ಡಿಸ್,
ಭೌತಶಾಸ್ತ್ರದ ಕಚೇರಿಯನ್ನು ಮೂವತ್ತೊಂದು ವರ್ಷ ಕಾದವಳು,
"ಬ್ರಹ್ಮಾಂಡಕ್ಕೇನೂ ಅವಸರವಿಲ್ಲ.
ಇರುವುದು ಡೀನ್‌ಗೆ ಮಾತ್ರ."

ನಾನು ಬಡಗಿಯಾಗಿ ಸೇರಿದಾಗ ಇದು
ಕಲೆ ಮತ್ತು ವಿಜ್ಞಾನ ಕಾಲೇಜು.
ಹದಿನೇಳು ವಿಭಾಗ, ಒಂದೇ ಒಲೆ.
ಮಹಡಿಯ ಮೇಲೆ ತತ್ವಶಾಸ್ತ್ರದವರು ಕುರ್ಚಿ ಎಳೆದರೆ
ಕೆಳಗೆ ಲೇಸರ್ ಗೆರೆ ನಡುಗುತ್ತಿತ್ತು.
ಜಗಳ ತೆಗೆಯಲೆಂದೇ ಹತ್ತಿ ಹೋದ ಪ್ರೊಫೆಸರ್ ಲಿಂಡ್‌ಕ್ವಿಸ್ಟ್
ಕಾಲ ಎಂದರೇನು ಎಂಬ ಮಾತಿಗೆ ಸಿಕ್ಕಿ
ಕತ್ತಲಾದ ಮೇಲೆ ಇಳಿದು ಬರುತ್ತಿದ್ದ,
ಕೈಯಲ್ಲಿ ಅವರದೇ ಕಾಫಿ ಲೋಟ.
ಆ ಲೋಟ ವಾಪಸ್ಸು ಹೋಗಲೇ ಇಲ್ಲ.

ಆಮೇಲೆ ಪಾಲಾಯಿತು.
ಇವರೂ ನಾಲ್ಕು ಕಾಸು ದುಡಿಯಲಿ ಎಂದು
ಎಂಜಿನಿಯರಿಂಗ್ ಕಾಲೇಜಿಗೆ ಸೇರಿಸಿದರು.
ಹೊಸ ಫಲಕ, ನೀಲಿ ಅಕ್ಷರ, ನನ್ನದೇ ಕೆಲಸ.
ಸೇತುವೆಯವರು, ಟ್ರ್ಯಾಕ್ಟರಿನವರು ಒಳ್ಳೆಯ ಜನ,
ಕ್ರಿಸ್‌ಮಸ್ಸಿನಲ್ಲಿ ಅವರ ಊಟ ಹೆಚ್ಚು ರುಚಿ.
ಆದರೆ ಸಭೆಯಲ್ಲಿ ನ್ಯೂಟ್ರಿನೋ ಸುದ್ದಿ ಎತ್ತುವಾಗ
ಪಕ್ಕದ ಮನೆಗೆ ಸಕ್ಕರೆ ಕೇಳಲು ಬಂದವನ ಹಾಗೆ
ದನಿ ತಗ್ಗಿಸುತ್ತಿದ್ದ ಲಿಂಡ್‌ಕ್ವಿಸ್ಟ್.

ಮೂರನೆಯದು:
ಗಣಿತ, ಭೂವಿಜ್ಞಾನ ಮತ್ತು ಭೌತವಿಜ್ಞಾನಗಳ ಕಾಲೇಜು.
ಹೆಸರು ಮಾರುದ್ದ, ಹಲಗೆ ಮೊಳದುದ್ದ.
ಕೊನೆಯ ಅಕ್ಷರಗಳನ್ನು ಒತ್ತೊತ್ತಾಗಿ ಕೂರಿಸಿದೆ,
ಬಸ್ಸಿನ ಹಿಂದಿನ ಸೀಟಿನಲ್ಲಿ ಆರನೆಯವನನ್ನು ಕೂರಿಸಿದಂತೆ.
ಅದನ್ನು ಯಾರೂ ಪೂರ್ತಿ ಓದಿದ್ದು ನಾನು ಕಂಡಿಲ್ಲ.

ಇವತ್ತು ನಾಲ್ಕನೆಯದು.
ಬೊಕ್ಕಸ ಬತ್ತಿದೆ, ಮತ್ತೆ ಎಲ್ಲರೂ ಒಂದೇ ಸೂರಿಗೆ:
ಕಲೆ ಮತ್ತು ವಿಜ್ಞಾನ.
ಆರ್ಡಿಸ್ ಕೆಳಗಿನ ಡ್ರಾಯರ್ ಎಳೆದು ತೋರಿಸುತ್ತಾಳೆ,
ಆ ಮೊದಲ ಹೆಸರಿನ ಕಾಗದ, ಎರಡು ಕಟ್ಟು, ಅಂಚು ಹಳದಿ.
"ಎಸೆಯಲು ಮನಸ್ಸು ಬರಲಿಲ್ಲ.
ಫೋನ್ ನಂಬರು ತಿದ್ದಿದರೆ ಸಾಕು."
ಪೆನ್ನು ಹಿಡಿದು ತಿದ್ದಲು ಕೂತೇ ಬಿಡುತ್ತಾಳೆ, ಒಂದೊಂದೇ.

ಮಹಡಿಯ ಮೇಲೆ ತತ್ವಶಾಸ್ತ್ರಕ್ಕೆ ಉಳಿದಿರುವುದು ಒಬ್ಬಾಕೆ,
ಅದೂ ಮಂಗಳವಾರ, ಗುರುವಾರ.
ಕುರ್ಚಿಯ ಸದ್ದಿಲ್ಲ.
ಲಿಂಡ್‌ಕ್ವಿಸ್ಟ್‌ನ ಕೋಣೆಯಲ್ಲಿ ಈಗ ಪ್ರಿಂಟರು.
ಲೋಟ ಮಾತ್ರ ಕಿಟಕಿಯಲ್ಲಿದೆ, ಪೆನ್ಸಿಲ್ ಹೊತ್ತು.

ಆ ಸ್ಕ್ರೂ ಬಿಚ್ಚಲಿಲ್ಲ.
ಹೊಸ ಫಲಕವನ್ನು ಹಳೆಯದರ ಮೇಲೆಯೇ ಜಡಿದೆ,
ಅರ್ಧ ಇಂಚು ಮುಂದೆ ಬಂದಿದೆ ಭೌತಶಾಸ್ತ್ರ.
ಆರ್ಡಿಸ್ ನೋಡಿದಳು, ಏನೂ ಅನ್ನಲಿಲ್ಲ.

ಅಷ್ಟರಲ್ಲಿ ಕೆನ್ನೆ ಕೆಂಪಾದ ಹುಡುಗಿಯೊಬ್ಬಳು
ಏಣಿಯ ಕೆಳಗೆ ನಿಂತು ಕೇಳಿದಳು:
"ಭೌತಶಾಸ್ತ್ರ ಎಲ್ಲಿ?"
ಬಾಯಲ್ಲಿದ್ದ ಸ್ಕ್ರೂ ತೆಗೆದು ಹೇಳಿದೆ:
"ಕೆಳಗಿಳಿದು ಎಡಕ್ಕೆ."
ಬೂಟಿನ ಹಿಮ ಕೊಡವಿ ಓಡಿದಳು,
ತಡವಾಗಿತ್ತು ಅವಳಿಗೆ.