ಲಾಲಿಪಾಪ್ ಹಿಡಿದವಳು

ಈ ಊರಲ್ಲಿ ನನ್ನ ಕೆಲಸದ ಹೆಸರೇ ಲಾಲಿಪಾಪ್.
ಹಳದಿ ಕೋಟು, ತುದಿಗೆ ದುಂಡನೆ ಫಲಕವಿರುವ ಕೋಲು,
ಡಡ್ಲಿಯ ಇಳಿಜಾರು ರಸ್ತೆಯಲ್ಲಿ ಬೆಳಿಗ್ಗೆ ಎಂಟೂವರೆಗೆ
ಲಾರಿಗಳನ್ನು ನಿಲ್ಲಿಸಿ ಮಕ್ಕಳನ್ನು ದಾಟಿಸುತ್ತೇನೆ.
ಇಂಥವಳಿಗೇ ಸಕ್ಕರೆ ಕಾಯಿಲೆ ಅಂದರೆ
ನಗದೆ ಏನು ಮಾಡಲಿ?

ನರ್ಸ್ ಓಡೆಟ್ ನಗಲಿಲ್ಲ.
ಕಂಪ್ಯೂಟರಿನ ಮುಖ ನನ್ನ ಕಡೆ ತಿರುಗಿಸಿ
ಒಂದು ಅಂಕಿ ತೋರಿಸಿದಳು: ಅರವತ್ತೊಂದು.
ನನಗೆ ಐವತ್ತೆಂಟು.
ಹಾಗಾದರೆ ಮೂರು ವರ್ಷಕ್ಕೆ ಹಿರಿಯಳು, ಅಕ್ಕ,
ಇಷ್ಟು ದಿನ ಒಂದೇ ಮನೆಯಲ್ಲಿದ್ದೂ
ಮಾತಾಡಿಸದೆ ಹೋದೆನಲ್ಲ.

"ಮುಷ್ಟಿ ಹಿಡಿ, ನೀಲಗಂಗಾ."
ಹಿಡಿದೆ.
"ಅನ್ನ ಇಷ್ಟೇ."
ಪಾವಿನಲ್ಲಿ ಅಕ್ಕಿ ಅಳೆದ ಕೈ ಇದು,
ಯಾರಾದರೂ ಬಂದಾರು ಅಂತ
ಅಳೆದ ಮೇಲೂ ಒಂದು ಹಿಡಿ ಸುರಿದ ಕೈ.
ಮೂವತ್ತು ವರ್ಷದ ಸಂಸಾರದಲ್ಲಿ ಯಾರ ಮೇಲೂ ಎತ್ತದ ಮುಷ್ಟಿ
ಈಗ ದಿನಾ ಮಧ್ಯಾಹ್ನ ತಟ್ಟೆಯ ಮುಂದೆ.

ಅಂಗಡಿಯಲ್ಲಿ ಕನ್ನಡಕ ಏರಿಸಿ
ಡಬ್ಬಿಗಳ ಬೆನ್ನು ಓದುತ್ತ ನಿಂತೆ.
ಬ್ರೆಡ್ಡಿನಲ್ಲಿ ಅವಳೇ, ಸಾಸಿನಲ್ಲಿ ಅವಳೇ,
ಬೇಯಿಸಿದ ಬೀನ್ಸಿನ ಡಬ್ಬಿಯಲ್ಲೂ
ಕಾಲು ಚಾಚಿ ಕೂತಿದ್ದಾಳೆ.

ಆ ತಿಂಗಳೇ ಸಂಕ್ರಾಂತಿ.
ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕಂತೆ.
ಬೆಲ್ಲ ಆರಿಸಿ ಇವರ ಕೈಗೆ ಹಾಕಿ
ಬರೀ ಎಳ್ಳು ಅಗಿದೆ.
ಆ ವರ್ಷದ ನನ್ನ ಮಾತಿಗೆ ನಾನು ಹೊಣೆಯಲ್ಲ.

ಸಕ್ಕರೆ ಇಲ್ಲದ ಚಹಾ ಕುಡಿಯುವಾಗ ಇವತ್ತಿಗೂ
ನಾಲಿಗೆ ಬಾಗಿಲಿಗೆ ಬಂದು ನಿಲ್ಲುತ್ತದೆ,
ಬಸ್ಸು ಬಂತು, ಬರಬೇಕಾದವರು ಇಳಿಯಲಿಲ್ಲ
ಅನ್ನುವ ಹಾಗೆ.

ಇವರು, ಪಾಪ, ಜಿಲೇಬಿ ಪೊಟ್ಟಣವನ್ನು
ಕಾರಿನ ಡಿಕ್ಕಿಯಲ್ಲಿ, ಜ್ಯಾಕಿನ ಪಕ್ಕ ಬಚ್ಚಿಟ್ಟಿದ್ದರು.
ಬರ್ಮಿಂಗ್‌ಹ್ಯಾಮಿನಿಂದ ಬರುವಾಗ ಚಕ್ರ ಪಂಕ್ಚರ್.
ಜ್ಯಾಕು ತೆಗೆಯಲು ಹೋದವಳು ನಾನು.
ಆಲಿಕಲ್ಲು ಬೀಳುತ್ತಿತ್ತು. ಯಾರೂ ಮಾತಾಡಲಿಲ್ಲ.
ರಸ್ತೆ ಬದಿಗೆ ನಿಂತು ಒಂದೊಂದು ತಿಂದೆವು.
ಇದನ್ನು ಓಡೆಟ್‌ಗೆ ಹೇಳಿಲ್ಲ.

ಊಟವಾದ ಮೇಲೆ ಹದಿನೈದು ನಿಮಿಷ ನಡಿಗೆ.
ಕತ್ತಲಲ್ಲಿ ಕಾಣಲಿ ಅಂತ ಕೆಲಸದ ಕೋಟನ್ನೇ ತೊಡುತ್ತೇನೆ.
ಬಲ್ಬೀರ್ ಕೌರ್ ಮನೆಯ ನಾಯಿಗೆ ನಮ್ಮ ಸಮಯ ಗೊತ್ತು,
ತಡವಾದರೆ ಬೊಗಳಿ ಕೇಳುತ್ತದೆ.

ಮತ್ತೆ ರಾತ್ರಿ, ಪಾದ.
ದಿನಾ ನೋಡಿಕೊಳ್ಳಬೇಕಂತೆ, ಗುಳ್ಳೆ, ಬಿರುಕು, ಬಣ್ಣ.
ನನಗೆ ಬಗ್ಗಲಾಗದು.
ಇವರು ಟಾರ್ಚ್ ಹಿಡಿದು ಮಂಚದ ಕೆಳಗೆ ಕೂರುತ್ತಾರೆ,
ಬೆರಳ ಸಂದಿ ಬಿಡಿಸಿ ಬಿಡಿಸಿ ನೋಡುತ್ತಾರೆ,
ಮದುವೆಯ ದಿನ ಕಾಲುಂಗುರ ತೊಡಿಸಿದ ಮೇಲೆ
ಈ ಕಡೆ ತಲೆ ಹಾಕದಿದ್ದ ಮನುಷ್ಯ.

ನನ್ನವ್ವ ಹೆಬ್ಬೆರಳಿಗೆ ಹಳೆ ಸೀರೆಯ ಚೂರು ಸುತ್ತಿಕೊಂಡು
ನಾಲ್ಕು ವರ್ಷ ತಿರುಗಾಡಿದಳು ಗಂಗಾವತಿಯಲ್ಲಿ.
ಎಡವಿದ್ದು ಅಂದಳು. ಎಡವಿದ್ದು ಅಂತಲೇ ನಂಬಿದೆವು.
ಆ ಬಟ್ಟೆ ಬಿಚ್ಚಿ ನೋಡಿದವರಿಲ್ಲ.
ಬಚ್ಚಲ ಕಲ್ಲಿನ ಮೇಲೆ ಸಾಲುಗಟ್ಟಿದ ಇರುವೆಗಳನ್ನು
ನಾನೇ ನೀರು ಹುಯ್ದು ತೊಳೆದಿದ್ದೆ.

"ಏನಿಲ್ಲ," ಅನ್ನುತ್ತಾರೆ ಇವರು, ಟಾರ್ಚ್ ಆರಿಸಿ.
ಇಷ್ಟು ಚಂದದ "ಏನಿಲ್ಲ" ನಾನು ಕೇಳಿರಲಿಲ್ಲ.

ಸೆಪ್ಟೆಂಬರಿನಲ್ಲಿ ಮತ್ತೆ ರಕ್ತ ಕೊಟ್ಟೆ.
ಐವತ್ತೆರಡು.
ಅಕ್ಕ ಈಗ ತಂಗಿಯಾದಳು.
ಮನೆ ಬಿಟ್ಟು ಹೋಗುವವಳಲ್ಲ, ಗೊತ್ತು.
ಗದರಿಸಿದರೆ ಒಂದೊಂದು ದಿನ ಕೇಳುತ್ತಾಳೆ.

ಮೊನ್ನೆ ಎರಡನೇ ತರಗತಿಯ ಇದ್ರಿಸ್
ರಸ್ತೆಯ ನಡುವೆಯೇ ನಿಂತು ಜೇಬು ತಡಕಿದ.
"ನಿಮಗೆ ಚಾಕಲೇಟ್ ಆಗಲ್ಲವಂತೆ, ಅಮ್ಮ ಹೇಳಿದಳು."
ನನ್ನ ಕೈಗವಸಿನ ಮೇಲೆ ಒಂದು ಕಾಂಕರ್ ಕಾಯಿ,
ಎಣ್ಣೆ ಹಚ್ಚಿ ಉಜ್ಜಿದ ಹಾಗೆ ಮಿರುಗುವ ಕಂದು.
"ಆದರೆ ಇದನ್ನೂ ತಿನ್ನಬಾರದು ಮಿಸ್, ಹೊಟ್ಟೆ ನೋಯುತ್ತೆ."
"ಸರಿಯಪ್ಪ, ಪಟ್ಟಿಗೆ ಸೇರಿಸಿಕೊಳ್ಳುತ್ತೇನೆ," ಅಂದೆ.
ಲಾರಿಯವನು ಹಾರ್ನ್ ಹೊಡೆದ.
ಕೋಲು ಇನ್ನಷ್ಟು ಮೇಲಕ್ಕೆತ್ತಿದೆ.