ಎಡತೋಳಿನ ಲೆಕ್ಕ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ
ಮೊಯ್ದು ಟೈಲರ ಅಂಗಡಿಯ ಅಟ್ಟದಲ್ಲಿ
ನನ್ನ ಕಂಪ್ಯೂಟರು ಒಂದು ತೋಳು ಹೆಣೆಯುತ್ತಿದೆ.
ಮೂಳೆಯಿಲ್ಲ, ಮಚ್ಚೆಯಿಲ್ಲ;
ಎರಡು ಸಾವಿರದ ನಾನೂರು ತ್ರಿಕೋನ,
ಮೂಲೆಗೊಂದು ಚುಕ್ಕಿ, ಚುಕ್ಕಿಗೊಂದು ತೂಕ,
ಚುಕ್ಕಿಯಿಂದ ಚುಕ್ಕಿಗೆ ಸ್ಪ್ರಿಂಗು.

ತೋಳು ಚೋಂದಮ್ಮನದು.
ಮೊಲೆ ತೆಗೆದ ವರ್ಷ ಕಂಕುಳ ಗ್ರಂಥಿಗಳನ್ನೂ ತೆಗೆದರು.
ಅಂದಿನಿಂದ ಇಳಿಯಬೇಕಾದ ನೀರು
ದಾರಿ ಕಾಣದೆ ನಿಂತಿದೆ:
ಬೆಳಗ್ಗೆ ಮಣಿಕಟ್ಟು ಹದಿನೇಳು, ಸಂಜೆ ಹತ್ತೊಂಬತ್ತೂವರೆ.
ಒಕ್ಕದ ತಂಡಕ್ಕೆ ಇಪ್ಪತ್ತು ವರ್ಷ ಗೋಲು ಕಾದವಳು
ಆಸ್ಪತ್ರೆ ಕೊಟ್ಟ ಬಿಗಿತೋಳನ್ನು ಕಳಚಿ
"ಇದು ಯಾರದೋ ಕೈಗೆ ಹೊಲಿದದ್ದು" ಎಂದು
ಮೇಜಿನ ಮೇಲಿಟ್ಟು ಹೋದಳು.

ಹೆಣಿಗೆಯ ಬಟ್ಟೆ ಅಡ್ಡಕ್ಕೆ ಒಂದು ಮಾತು, ಉದ್ದಕ್ಕೆ ಇನ್ನೊಂದು.
ಮೊದಲು ಸಲೀಸು, ಕುಣಿಕೆಗಳು ಬರಿದೆ ನೆಟ್ಟಗಾಗುತ್ತವೆ;
ಆಮೇಲೆ ನೂಲೇ ಎಳೆತಕ್ಕೆ ಸಿಕ್ಕಿ ಹಟ ಹಿಡಿಯುತ್ತದೆ.
ಮೊಯ್ದು ಅಂಚನ್ನು ಹೆಬ್ಬೆರಳುಗಳಲ್ಲಿ ಒಮ್ಮೆ ಎಳೆದು
"ಒಗೆತಕ್ಕೆ ಸೋಲ್ತದೆ" ಅಂದ.
ನಾನು ಕೊಕ್ಕೆಗೆ ಪಟ್ಟಿ ನೇತುಹಾಕಿ,
ತೂಕಕ್ಕೆ ಪಕ್ಕದಂಗಡಿಯ ಕರಿಮೆಣಸಿನ ಪೊಟ್ಟಣ,
ಐವತ್ತು ಗ್ರಾಂ, ನೂರು, ನೂರೈವತ್ತು...
ನಾಲ್ಕು ಸಂಜೆ ಹಿಡಿಯಿತು
ಅವನ ಹೆಬ್ಬೆರಳ ಹತ್ತಿರ ಬರಲು.

ಮೊದಲ ಓಟದಲ್ಲಿ ಬಟ್ಟೆ ಸಿಡಿಯಿತು, ಪರದೆಯ ತುಂಬ ಮುಳ್ಳು.
ಹೆಜ್ಜೆ ಕಿರಿದು ಮಾಡಿದೆ. ಎರಡನೆಯದರಲ್ಲಿ
ಸದ್ದಿಲ್ಲದೆ ಚರ್ಮದೊಳಗೇ ಇಳಿದುಬಿಟ್ಟಿತು.
ಮೂರನೆಯದು ಕೂತಿತು:
ಮಣಿಕಟ್ಟಲ್ಲಿ ಬಿಗಿ, ಮೇಲೇರಿದಂತೆ ಸಡಿಲ,
ಕೆಂಪಿನಿಂದ ಹಳದಿ, ಹಳದಿಯಿಂದ ನೀಲಿ.
ಖುಷಿಗೆ ಅವಳನ್ನು ಕರೆಸಿದೆ.

"ಇದು ಮಲಗಿರುವ ತೋಳು."
ಅಷ್ಟೇ ಅಂದು, ತಲೆಯ ವಸ್ತ್ರ ಬಿಚ್ಚಿ
ಎರಡೂ ಕೈ ಹಿಂದಕ್ಕೊಯ್ದು ಮತ್ತೆ ಕಟ್ಟಿಕೊಂಡಳು.
ಎಡಗೈ ಅರ್ಧದಲ್ಲಿ ನಿಂತು, ಒಂದು ಉಸಿರು ಕಾದು, ಮೇಲೇರಿತು.
ಮೊಣಕೈ ಮಡಿಕೆಯಲ್ಲಿ ಮಾದರಿ ಬಟ್ಟೆ ಸುಕ್ಕಾಗಿ
ದಾರದಂತೆ ಕಚ್ಚಿತ್ತು.
ಆ ಗೆರೆ ನನ್ನ ಲೆಕ್ಕದಲ್ಲಿರಲಿಲ್ಲ.

ಈ ರಾತ್ರಿ ಬಾಗುವ ತೋಳು ಬರೆಯುತ್ತಿದ್ದೇನೆ.
ಎಳೆದರೆ ಒಂದು ಗೆರೆ, ಬಿಟ್ಟರೆ ಅದರ ಕೆಳಗೆ ಇನ್ನೊಂದು;
ಬಟ್ಟೆ ಹೋದ ದಾರಿಯಲ್ಲೇ ಮರಳುವುದಿಲ್ಲ.
ನಡುವೆ ಎಲೆಯಾಕಾರದ ತೆಳು ಜಾಗ,
ಬಿಸಿಯಾಗಿ ಕಳೆದ ಶಕ್ತಿ ಅನ್ನುತ್ತದೆ ಪುಸ್ತಕ.
ಅದಕ್ಕೊಂದು ಹೆಸರು ಬೇಕು ಫೈಲಿನಲ್ಲಿ.
ಚೋಂದಮ್ಮ ಎಂದು ಬರೆದೆ. ಅಳಿಸಿದೆ.
ಸಿ-ಎರಡು ಎಂದು ಬರೆದೆ.

ಕೆಳಗೆ ಮೊಯ್ದು ಮಷೀನಿಗೆ ಎಣ್ಣೆ ಬಿಡುತ್ತಿದ್ದಾನೆ.
ಓಟ ಮುಗಿಯಲು ಇನ್ನೂ ಆರು ತಾಸು.
ನಾಳೆ ಅಮ್ಮತ್ತಿಯಲ್ಲಿ ಪಂದ್ಯ. ಅವಳು ಹಗ್ಗದಾಚೆ ನಿಂತು
ಗೋಲಿಗೆ ಕೈಯೆತ್ತಿ ಕೂಗುವವಳೇ;
ಎಷ್ಟು ಎತ್ತಿದಳೆಂದು ಕೇಳಬೇಕು.