ರಿಲೀಸ್

"ವಾಮನ ಶೇರಿಗಾರರದ್ದು ರಿಲೀಸಂತೆ"
ಎಂದು ಗುದೈಬಿಯಾದ ನಮ್ಮ ರೂಮಿನಲ್ಲಿ ಸುದ್ದಿಯಾದಾಗ
ಎಲ್ಲರೂ ಕೇಳಿದ್ದು: ಯಾವ ಕಂಪನಿಗೆ?
ಅರ್ಬಾಬ ಸಹಿ ಹಾಕಿದನೇ? ಸಂಬಳ ಎಷ್ಟು ದಿನಾರು?
ಆ ಶಬ್ದಕ್ಕೆ ಇನ್ನೊಂದು ಅರ್ಥವುಂಟೆಂದು
ಗೊತ್ತಿದ್ದವನು ನಾನೊಬ್ಬ.
ಕವರು ಅಚ್ಚು ಹಾಕಿದವನು.

ಐನೂರು ಕವರು.
ಹೋಟೆಲಿನ ಮೆನು, ಯಾರದೋ ಮದುವೆ ಕಾಗದಗಳ ನಡುವೆ
ರಾತ್ರಿ ಪಾಳಿಯಲ್ಲಿ ಬಿಸಿಬಿಸಿ ಹೊರಬಂದ ನೀಲಿ:
ಶೇರಿಗಾರರ ಉಬ್ಬಿದ ಕೆನ್ನೆ, ಸ್ಯಾಕ್ಸೋಫೋನಿನ ಕೊರಳು,
ಕೆಳಗೆ ಸಣ್ಣಕ್ಷರದಲ್ಲಿ
ಬಿಡುಗಡೆ: ಏಪ್ರಿಲ್ ಹನ್ನೆರಡು, ಶುಕ್ರವಾರ.
ತಾರೀಕು ಬೇಡ ಅಂದಿದ್ದೆ.
"ತಾರೀಕಿಲ್ಲದಿದ್ದರೆ ನಾನೇ ನಂಬುವುದಿಲ್ಲ ಮಾರಾಯ" ಅಂದರು.

ಲಾಂಡ್ರಿಯಲ್ಲಿ ಹದಿನೆಂಟು ವರ್ಷ.
ಹಗಲೆಲ್ಲ ಇಸ್ತ್ರಿಯ ಹಬೆ, ರಾತ್ರಿ ತನ್ನದು.
ಹನ್ನೊಂದಕ್ಕೆ ಶಟರ್ ಅರ್ಧ ಎಳೆದು
ಇನ್ನೂರು ಬಿಳಿ ತೋಬುಗಳ ನಡುವೆ ನಿಂತು ಊದುವರು.
ಅಷ್ಟು ಬಟ್ಟೆ ದನಿಯನ್ನು ಕುಡಿಯುತ್ತದೆ,
ಗೋಡೆ ಎದುರಾಡುವುದಿಲ್ಲ.
ಮಹದಿ ಬಂದು ಒಮ್ಮೆ ಚಪ್ಪಾಳೆ ತಟ್ಟಿ ಕಿವಿಗೊಟ್ಟು
"ಇಂಥ ಸ್ಟುಡಿಯೋ ಮನಾಮಾದಲ್ಲೇ ಇಲ್ಲ" ಅಂದ.
ಹ್ಯಾಂಗರಿಗೆ ಮೈಕು ತೂಗುಹಾಕಿದ.
ಯಾರದೋ ಖಾಲಿ ತೋಳೊಂದು ಅಲುಗುತ್ತಿತ್ತು,
ತಾಳ ಹಿಡಿದ ಹಾಗೆ.
ಫ್ಯಾನು ಆರಿಸಿತ್ತು. ಆದರೂ.

ಏಪ್ರಿಲಿನಲ್ಲಿ,
ಮೂರನೆಯ ಹಿಂದೋಳದ ನಡುವೆ
ಬಾಯ್ಲರು ಉಸ್ಸೆಂದದ್ದು ಸಿಕ್ಕಿಬಿತ್ತು.
ಸ್ಟಿಕ್ಕರ್ ಅಂಟಿಸಿದೆ: ಜೂನ್ ಏಳು.
ಜೂನಿಗೆ ಈದ್. ಇಡೀ ಗಲ್ಲಿಯೇ ಗಂಟು ಕಟ್ಟಿ ತಂದಿತು,
ಉಸಿರೆಲ್ಲ ಮಡಿಕೆಗಳಿಗೇ ಹೋಯಿತು.
ಸೆಪ್ಟೆಂಬರಿನಲ್ಲಿ ಮೊಹರಂ.
ಬಿಳಿ ಬರುವುದು ನಿಂತು ಲಾಂಡ್ರಿ ಕಪ್ಪಾಯಿತು;
ಮಹದಿ ಎರಡು ತಿಂಗಳು ಸಂಗೀತ ಮುಟ್ಟುವುದಿಲ್ಲ.
ಶೇರಿಗಾರರೂ ಪೆಟ್ಟಿಗೆ ತೆರೆಯಲಿಲ್ಲ,
"ಸೂತಕದ ಮನೆ ಪಕ್ಕ ಊದುತ್ತಾರೇನು?"
ನವೆಂಬರಿಗೆ ಯಾರ ಅಡ್ಡಿಯೂ ಇರಲಿಲ್ಲ.
ಅದಕ್ಕೇ ಅವರಿಗೆ ಭಯವಾಯಿತು.
ಅಪ್ಪನ ಹೆಸರಿಗೆ ದೀರ್ಘ ತಪ್ಪಿದೆ ಅಂದರು.
ನೋಡಿದೆ. ದೀರ್ಘ ಇತ್ತು.
ಏನೂ ಹೇಳದೆ ನಾಲ್ಕನೆಯದನ್ನು ಅಂಟಿಸಿದೆ.

ಮಾರ್ಚಿನಲ್ಲಿ ಸಭಾಂಗಣಕ್ಕೆ ಬೀಗ ಬಿತ್ತು,
ಎಲ್ಲಕ್ಕೂ ಬಿತ್ತು.
ಊದುವವನ ಉಸಿರಿಗೆ ಊರೇ ಹೆದರಿದ ಕಾಲ.
ಮೆನು ಇಲ್ಲ, ಮದುವೆ ಇಲ್ಲ,
ಅಂಗಡಿಯ ಮೂಲೆಯಲ್ಲಿ ನೀಲಿ ಕಟ್ಟುಗಳ ಮೇಲೆ
ಮರಳಿನ ಸಣ್ಣ ಪುಡಿ.
ಬೇಸರಕ್ಕೆ ಒಂದು ಕವರು ತೆಗೆದು ಹೆಬ್ಬೆರಳು ಆಡಿಸುತ್ತಿದ್ದೆ:
ತಾರೀಕಿನ ಜಾಗ ದಪ್ಪವಾಗಿತ್ತು,
ಹಳೆಯ ಗಾಯ ಮುಟ್ಟಿದ ಹಾಗೆ.
ಐದನೆಯ ಸ್ಟಿಕ್ಕರಿನಲ್ಲಿ ಏನೂ ಬರೆಯಲಿಲ್ಲ.

ಬಿಡುಗಡೆ ಆದದ್ದು ಯಾವತ್ತು ಎಂದರೆ
ಒಂದು ಶುಕ್ರವಾರ, ಅಷ್ಟು ನೆನಪಿದೆ.
ಅಷ್ಟರಲ್ಲಿ ಸೀಡಿ ನುಂಗುವ ಬಾಯಿ
ಯಾರ ಮನೆಯಲ್ಲೂ ಉಳಿದಿರಲಿಲ್ಲ,
ಲಾಂಡ್ರಿಯ ಹಳೇ ವ್ಯಾನೊಂದನ್ನು ಬಿಟ್ಟು.
ಮುಹರಕ್ ಸೇತುವೆಯ ಈಚೆ ನೀರಿಗೆ ಮುಖ ಮಾಡಿ ನಿಲ್ಲಿಸಿದೆವು.
ಹನ್ನೊಂದು ಜನ. ನಾಲ್ವರು ಒಳಗೆ,
ಉಳಿದವರು ತೆರೆದ ಬಾಗಿಲಿಗೆ ಒರಗಿ, ಬೆವರುತ್ತ.
ಮಹದಿ ದಾಳಿಂಬೆ ಶರಬತ್ತು ತಂದಿದ್ದ.

ಮೂರನೆಯದು ಬಂತು. ಉಸ್ ಅಂದಿತು.
ನಾನು ಮಹದಿಯ ಮುಖ ನೋಡಿದೆ.
"ತೆಗೆದಿದ್ದೆ" ಅಂದ, "ಆಮೇಲೆ ಮುಂದಿನ ಸ್ವರ
ಎಲ್ಲಿಂದ ಬಂತೆಂದೇ ತಿಳಿಯಲಿಲ್ಲ. ವಾಪಸ್ ಹಾಕಿದೆ."
ಅವನ ಕಣ್ಣಂಚು ಒದ್ದೆಯಿತ್ತೋ, ಬೆವರೋ.

ಶೇರಿಗಾರರನ್ನು ಹುಡುಕಿದೆ.
ಅವರು ಕೇಳುತ್ತಲೇ ಇರಲಿಲ್ಲ.
ನನ್ನ ಅಂಗಿಯ ಕಫನ್ನು ಬೆಳಕಿಗೆ ತಿರುಗಿಸಿ ಹಿಡಿದಿದ್ದರು.
"ದಾಳಿಂಬೆ ಕಲೆ," ಅಂದರು,
"ಉಪ್ಪು ಉಜ್ಜಬೇಡ. ನಾಳೆ ತಾ."